ಬೇಲೂರಿನ ದ್ಯಾವಯ್ಯ

ನಮ್ಮ ಷಡ್ಡಕ ನಂಜುಂಡಯ್ಯನವರ ಮಗಳು ಲತಾಮಣಿಗೆ ಕೆಲಸ ಸಿಕ್ಕಿತು ಎಂಬ ಸುದ್ದಿ ಬಂದಾಗ ನಾನು ಉಪ್ಪಿಟ್ಟು ತಿನ್ನುತ್ತಿದ್ದೆ. ತುತ್ತು ಗಂಟಲಲ್ಲೇ ನಿಂತಿತು. ನನ್ನ ಹೆಂಡತಿ ಮಂಜುಳಾ ಬೆನ್ನಿಗೆ ನಾಲ್ಕು ಗುದ್ದಿ ನೀರು ಕುಡಿಸಿದಳು. ಉಪ್ಪಿಟ್ಟಿನಲ್ಲಿ ಕಲ್ಲಿತ್ತು ಎಂದೆ. ಜರಡಿ ಹಿಡಿದ ರವೆಯಲ್ಲಿ ಕಲ್ಲು ಎಲ್ಲಿಂದ ಬರಬೇಕು ಎಂದು ಅವಳು ಜಗಳಕ್ಕೆ ನಿಂತಳು. ಸುಳ್ಳು ಯಾಕೆ ಹೇಳಲಿ, ಗಂಟಲಲ್ಲಿ ನಿಂತದ್ದು ಕಲ್ಲಲ್ಲ, ಹೊಟ್ಟೆಕಿಚ್ಚು.

ಹೊಟ್ಟೆಕಿಚ್ಚಿನವರನ್ನು ಲೋಕ ಹಗುರವಾಗಿ ಕಾಣುತ್ತದೆ. ಅದು ಎಷ್ಟು ಕಷ್ಟದ ಕೆಲಸ ಎಂದು ಪಟ್ಟವರಿಗೇ ಗೊತ್ತು. ಊಟ ರುಚಿಸುವುದಿಲ್ಲ. ಪಕ್ಕದ ಮನೆಯಲ್ಲಿ ಪಾತ್ರೆ ಸದ್ದಾದರೆ ಪಾಯಸ ಮಾಡುತ್ತಿದ್ದಾರೇನೋ ಎಂದು ಕಿವಿ ಅತ್ತ ಹೋಗುತ್ತದೆ. ನಂಜುಂಡಯ್ಯನವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರ ಹೆಂಡತಿ ಶಾಂತಾದೇವಿ ನನ್ನ ಹೆಂಡತಿಗೆ ಸ್ವಂತ ಅಕ್ಕ. ಹಾಗಾಗಿ ಆ ಮನೆಯ ಸಂತೋಷವೆಲ್ಲ ನಮ್ಮ ಮನೆಗೆ ಆರುವ ಮುಂಚೆಯೇ ಬಂದುಬಿಡುತ್ತದೆ.

ನನ್ನ ಸಂಕಟ ಅರ್ಥವಾಗಬೇಕಾದರೆ ನಾನು ಯಾರೆಂದು ತಿಳಿಯಬೇಕು. ಅರಸೀಕೆರೆಯ ತೆಂಗು ಬೆಳೆಗಾರರ ಸಂಘದಲ್ಲಿ ನಾನು ಗುಮಾಸ್ತ. ಇಪ್ಪತ್ತು ವರ್ಷ ಬರೀ ಉಮಾಶಂಕರನಾಗಿದ್ದೆ. ಎರಡು ಸಾವಿರದ ಇಸವಿಯಲ್ಲಿ ಸಂಘಕ್ಕೆ ಹಾಸನದ ಒಂದು ಕಂಪನಿಯಿಂದ ಕಂಪ್ಯೂಟರ್ ಬಂತು. ಅದರ ಮುಂದೆ ಕೂರುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಮೂರು ತಿಂಗಳ ಕೋರ್ಸು ಮುಗಿಸಿ ಕೂತೆ, ಅಂದಿನಿಂದ ಕಂಪ್ಯೂಟರ್ ಉಮಾಶಂಕರನಾದೆ. ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಯಾರೂ ಬರಕೂಡದು ಎಂದು ಬೋರ್ಡು ಹಾಕಿಸಿದೆ. ಮಿಷನ್ನಿಗೆ ಮಂಜುಳಾ ಹೊಲಿದುಕೊಟ್ಟ ಹೂಬಳ್ಳಿಯ ಬಟ್ಟೆ ಹೊದಿಸಿದೆ. ಸಂಘದ ಅಧ್ಯಕ್ಷ ಲಕ್ಷ್ಮೀಶನವರು ಮುನ್ನೂರು ಮರದ ತೋಟದ ಯಜಮಾನರು, ಅವರು ಕೂಡ ಬಾಗಿಲಲ್ಲಿ ನಿಂತು, "ಒಳಗೆ ಬರಬಹುದಾ ಉಮಾಶಂಕರ್?" ಎಂದು ಕೇಳಿಯೇ ಬರುತ್ತಿದ್ದರು.

ಇದರ ಮೇಲೆ ನನ್ನ ಮಗಳು ಹೇಮಾಶ್ರೀ ಎಂಜಿನಿಯರಿಂಗ್ ಓದುತ್ತಿದ್ದಳು. ನಮ್ಮ ಬೀದಿಯಿಂದ ಐಟಿಗೆ ಹೋಗುವ ಮೊದಲನೆಯವಳು ನನ್ನ ಮಗಳು ಎಂದು ನಾನು ಎರಡು ವರ್ಷ ಮೊದಲೇ ಸಾರಿಬಿಟ್ಟಿದ್ದೆ. ಈಗ ನೋಡಿದರೆ ಬರೀ ಬಿ.ಎಸ್ಸಿ. ಮಾಡಿದ ಲತಾಮಣಿ ಮುಂದೆ ಹೋಗಿ ನಿಂತಿದ್ದಾಳೆ. ಅದೂ ನಮ್ಮ ಸಂಘಕ್ಕೆ ಕಂಪ್ಯೂಟರ್ ಮಾರಿದ ಆ ಹಾಸನದ ಕಂಪನಿಯಲ್ಲೇ.

ಶಾಂತಾದೇವಿ ಮೈಸೂರುಪಾಕಿನ ತಟ್ಟೆ ಹಿಡಿದು ಬಂದಾಗ ನಾನು ಕೆಲಸದ ವಿವರ ಕೇಳಿದೆ. ಕಂಪ್ಯೂಟರ್ ಕೊಂಡವರು ಮಿಷನ್ ಕೆಟ್ಟಾಗ ಫೋನ್ ಮಾಡುತ್ತಾರಂತೆ, ಇವಳು ಎತ್ತಿಕೊಂಡು ಹೀಗೆ ಮಾಡಿ, ಹಾಗೆ ಮಾಡಿ ಎಂದು ಹೇಳಬೇಕಂತೆ. ಆರು ತಿಂಗಳು ಹೀಗೆ ನೋಡಿ, ಚೆನ್ನಾಗಿ ಮಾಡಿದವರನ್ನು ನೆಟ್‌ವರ್ಕ್ ವಿಭಾಗಕ್ಕೆ ತೆಗೆದುಕೊಳ್ಳುತ್ತಾರಂತೆ. ನನಗೆ ಹೋದ ಜೀವ ಬಂದಂತಾಯಿತು. ಮೈಸೂರುಪಾಕು ಇನ್ನೊಂದು ತೆಗೆದುಕೊಂಡು, "ಓ, ಫೋನ್ ಎತ್ತೋ ಕೆಲಸ," ಎಂದೆ.

ಆ ಮಾತನ್ನು ನಾನು ಇಬ್ಬರಿಗೆ ಮಾತ್ರ ಹೇಳಿದೆ. ಒಬ್ಬರು ಎದುರು ಮನೆಯ ಬೋರಮ್ಮ. ಇನ್ನೊಬ್ಬರಿಗೆ ಹೇಳಬೇಕಾದ ಅಗತ್ಯವೇ ಇರಲಿಲ್ಲ, ಬೋರಮ್ಮ ಸಾಕಾಗಿತ್ತು. ಮರುದಿನ ಬೆಳಿಗ್ಗೆ ಅವರು ತಮ್ಮ ಮನೆಯ ಸತ್ತ ಫೋನನ್ನು ಚೀಲದಲ್ಲಿ ಹಾಕಿಕೊಂಡು ನಂಜುಂಡಯ್ಯನವರ ಬಾಗಿಲಲ್ಲಿದ್ದರು. ನಿಮ್ಮ ಮಗಳು ಫೋನ್ ಆಫೀಸಿನಲ್ಲಿ ಇದ್ದಾಳಂತೆ, ಸಾಯಂಕಾಲ ಬರುವಾಗ ರಿಪೇರಿ ಮಾಡಿಸಿಕೊಂಡು ಬರಲಿ ಎಂದರು. ವಾರ ಕಳೆಯುವಷ್ಟರಲ್ಲಿ ಬೀದಿಯ ಫೋನಿನ ತಕರಾರೆಲ್ಲ ಆ ಮನೆಗೇ ಬಂತು. ಒಬ್ಬರಿಗೆ ಬಿಲ್ಲು ಜಾಸ್ತಿ ಬಂದಿತ್ತು. ಒಬ್ಬರಿಗೆ ಮಾತಾಡುವಾಗ ಯಾರೋ ಕೆಮ್ಮಿದ ಸದ್ದು ಕೇಳುತ್ತಿತ್ತು. ಕಂಬ ನಮ್ಮ ಗೇಟಿನ ಮುಂದೆ ಇದೆ, ನಿಮ್ಮ ಮಗಳಿಗೆ ಹೇಳಿ ಪಕ್ಕಕ್ಕೆ ಹಾಕಿಸಿ ಎಂದು ಒಬ್ಬರು ಅರ್ಜಿಯನ್ನೇ ಬರೆದುಕೊಟ್ಟರು.

ನಂಜುಂಡಯ್ಯನವರು ಹಾರನಹಳ್ಳಿ ಶಾಲೆಯಲ್ಲಿ ಹೆಡ್ಮಾಸ್ತರು. ಸಿಟ್ಟು ಬಂದರೂ ಕೂಗುವ ಪೈಕಿ ಅಲ್ಲ. ಹುಡುಗರಿಗೆ ಏಟು ಕೊಡುವ ಮುಂಚೆ ಕನ್ನಡಕ ತೆಗೆದು ಜೇಬಿಗೆ ಇಟ್ಟುಕೊಳ್ಳುತ್ತಾರೆ, ಅಷ್ಟೇ ಸೂಚನೆ. ಬಂದವರಿಗೆಲ್ಲ ಅವರು ಕಾಫಿ ಕೊಟ್ಟು, ಇದು ಆ ಫೋನಲ್ಲ, ಈ ಫೋನು ಎಂದು ವಿವರಿಸಿದರು. ಜನ ಕಾಫಿ ಕುಡಿದು, ಹೌದು ಹೌದು ಎಂದು ತಲೆಯಾಡಿಸಿ, ಪಾಪ ಮೇಷ್ಟ್ರ ಮಗಳು ಇಷ್ಟು ಓದಿ ಕೊನೆಗೆ ಹಲೋ ಹಲೋ ಅನ್ನೋ ಕೆಲಸಕ್ಕೆ ಸೇರಿದಳಲ್ಲ ಎಂದು ಬೀದಿಯಲ್ಲಿ ಮರುಗಿಕೊಂಡು ಹೋದರು. ನಾನೂ ಜೊತೆಗೆ ಮರುಗಿದೆ.

ಹೀಗಿರುವಾಗ ಕಣಕಟ್ಟೆಯಿಂದ ಲತಾಮಣಿಗೆ ಒಂದು ಸಂಬಂಧ ಬಂತು. ಹುಡುಗ ಕಾಲೇಜಿನಲ್ಲಿ ಲೆಕ್ಚರರ್, ಊರಲ್ಲಿ ತೆಂಗಿನ ತೋಟ. ಹುಡುಗಿ ಅವರಿಗೆ ಒಪ್ಪಿಗೆಯೇ, ಆದರೆ ಆ ಫೋನಿನ ಕೆಲಸ ಬಿಡಬೇಕು ಎಂದರು. ನಂಜುಂಡಯ್ಯನವರು ಹಿಂದೆ ಮುಂದೆ ನೋಡಿದರು. ಒಂದು ಸಂಜೆ ನಮ್ಮ ಮನೆಗೆ ಬಂದು ಕೂತು, ನಮ್ಮ ನೆಂಟರ ಹಿರಿಯರಲ್ಲಿ ಕಂಪ್ಯೂಟರ್ ತಿಳಿದವನು ನಾನೊಬ್ಬನೇ ಆದ್ದರಿಂದ ನನ್ನನ್ನೇ ಕೇಳಿದರು.

"ಉಮಾಶಂಕರ, ನೀನು ತಿಳಿದೋನು. ಈ ಫೋನ್ ಎತ್ತೋದ್ರಿಂದ ಮುಂದೆ ಕಂಪ್ಯೂಟರ್ ಲೈನಲ್ಲಿ ಏನಾದ್ರೂ ಆಗುತ್ತಾ? ಆಗುತ್ತೆ ಅನ್ನು, ಕಣಕಟ್ಟೆಯೋರಿಗೆ ನಮಸ್ಕಾರ ಹೇಳಿಬಿಡ್ತೀನಿ."

ನಾನು ತುಂಬ ಹೊತ್ತು ಯೋಚಿಸುವವನಂತೆ ಸೂರು ನೋಡಿದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಭಾವ, ಕಂಡಕ್ಟರು ಮೂವತ್ತು ವರ್ಷ ಬಸ್ಸಲ್ಲೇ ಇರ್ತಾನೆ," ಎಂದೆ. "ಸ್ಟೇರಿಂಗ್ ಕೈಗೆ ಬರುತ್ತಾ?"

ಅವರು ಸರಿಯಪ್ಪ ಎಂದು ಎದ್ದುಹೋದರು. ದೀಪಾವಳಿಗೆ ಕೆಲಸ ಬಿಡಿಸಿ ಮಾತುಕತೆ ಮುಗಿಸುವುದು ಎಂದು ಗೊತ್ತಾಯಿತು. ಗೋಡೆಯಾಚೆ ಆ ಹುಡುಗಿ ಅಳುವುದು ಕೇಳಿತು. ಮಂಜುಳಾ ನನ್ನ ಕಡೆ ಒಂದು ಥರ ನೋಡಿದಳು, ನಾನು ಪೇಪರ್ ಎತ್ತಿ ಹಿಡಿದೆ.

ಮರುದಿನ ಲತಾಮಣಿಯೇ ಬಂದಳು. ಹಾಸನದ ಬಸ್ಸಿಗೆ ಹೊರಟವಳು, ಹೆಗಲಲ್ಲಿ ಊಟದ ಡಬ್ಬಿಯ ಚೀಲ.

"ಚಿಕ್ಕಪ್ಪ, ದಿನಕ್ಕೆ ನಲವತ್ತು ಜನ ಫೋನ್ ಮಾಡ್ತಾರೆ. ನಲವತ್ತು ಥರ ಕೆಟ್ಟಿರುತ್ತೆ. ಮಿಷನ್ ನನ್ನ ಕಣ್ಣಿಗೆ ಕಾಣಲ್ಲ, ಅವರ ಮಾತಲ್ಲೇ ಅದನ್ನ ನೋಡ್ಬೇಕು. ಕಾಲೇಜಲ್ಲಿ ಮೂರು ವರ್ಷ ಕಲೀದೆ ಇದ್ದಿದ್ದು ನಾಲ್ಕು ತಿಂಗಳಲ್ಲಿ ಕಲ್ತಿದೀನಿ. ಇನ್ನೆರಡು ತಿಂಗಳು ಬಿಟ್ರೆ ನೆಟ್‌ವರ್ಕಿಗೆ ತಗೋತಾರೆ. ನೀವೊಂದು ಮಾತು ಹೇಳಿದ್ರೆ ಅಪ್ಪ ಕೇಳ್ತಾರೆ."

ನೋಡೋಣಮ್ಮ, ಹಬ್ಬ ಮುಗೀಲಿ ಎಂದೆ. ನನಗೆ ನಾಚಿಕೆಯಾಯಿತು. ಆದರೆ ಹೊಟ್ಟೆಕಿಚ್ಚಿಗೂ ನಾಚಿಕೆಗೂ ಒಂದೇ ಹೊಟ್ಟೆಯಲ್ಲಿ ಜಗಳವಾದರೆ ಯಾವುದು ಗೆಲ್ಲುತ್ತದೆಂದು ಎಲ್ಲರಿಗೂ ಗೊತ್ತು. ನಾನು ಅವರಪ್ಪನಿಗೆ ಏನೂ ಹೇಳಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ಆ ವರ್ಷ ನಮ್ಮ ಕಂಪ್ಯೂಟರಿಗೆ ಹಿಂದೆಂದೂ ಆಗದಂಥ ಪೂಜೆ ಆಗಬೇಕು, ಊರಲ್ಲಿ ಕಂಪ್ಯೂಟರ್ ಎಂದರೆ ಯಾರ ಹೆಸರು ಎಂದು ಎಲ್ಲರಿಗೂ ಇನ್ನೊಮ್ಮೆ ನೆನಪಾಗಬೇಕು ಎಂದು ನಿಶ್ಚಯಿಸಿದೆ. ಬಾಳೆಕಂದು ಕಟ್ಟಿದೆ. ಟಿ.ವಿ.ಯಂಥ ಭಾಗಕ್ಕೆ ಮೂರು ಪಟ್ಟೆ ವಿಭೂತಿ, ನಡುವೆ ರೂಪಾಯಿ ಅಗಲದ ಕುಂಕುಮ. ಕೀಲಿಗಳ ಮೇಲೆ ಒಂದೊಂದು ಸೇವಂತಿಗೆ ಎಸಳು. ಜವಾನ ದ್ಯಾವಯ್ಯ ಹೊರಗೆ ಬೂದುಗುಂಬಳ ಒಡೆಯಲು ಕಾದು ನಿಂತಿದ್ದ.

ಆಗ ನನಗೆ ಒಂದು ಸೂಕ್ಷ್ಮ ಹೊಳೆಯಿತು. ಲಾರಿಯಾಗಲಿ ಬಸ್ಸಾಗಲಿ ಸೈಕಲ್ಲಾಗಲಿ, ಪೂಜೆ ಮಾಡುವಾಗ ಎಷ್ಟು ಅಲಂಕಾರ ಮಾಡಿದರೂ ಚಕ್ರಕ್ಕೆ ಗಂಧ ಕುಂಕುಮ ಇಡದಿದ್ದರೆ ಪೂಜೆ ಪೂರ್ತಿಯಾಗುವುದಿಲ್ಲ. ಕಂಪ್ಯೂಟರಿನಲ್ಲಿ ಓಡಾಡುವ ಭಾಗ ಒಂದೇ, ಮೌಸು. ಅದರ ಹೊಟ್ಟೆಯ ಅಡಿಯಲ್ಲಿ ಒಂದು ರಬ್ಬರಿನ ಗುಂಡು ಇರುತ್ತದೆ, ಅದು ಉರುಳಿದರೇ ತೆರೆಯ ಮೇಲಿನ ಬಾಣ ಓಡುವುದು. ಅಂದ ಮೇಲೆ ಚಕ್ರ ಅದೇ ತಾನೆ. ನಾನು ಮೌಸನ್ನು ಅಂಗಾತ ಮಲಗಿಸಿ, ಗುಂಡಿಗೆ ಮಂದವಾಗಿ ಗಂಧ ಬಳಿದು, ಕುಂಕುಮ ಒತ್ತಿ, ಸುತ್ತ ತಿರುಗಿಸಿ ಎಲ್ಲ ಕಡೆಗೂ ಹಚ್ಚಿದೆ. ಕೊನೆಗೆ ಅಡಿಯಲ್ಲಿ ಒಂದು ನಿಂಬೆಹಣ್ಣು ಇಟ್ಟು ಮೇಲಿನಿಂದ ಅಮುಕಿದೆ. ಇಷ್ಟು ಶಾಸ್ತ್ರೋಕ್ತವಾಗಿ ಯಾರೂ ಮಾಡಲ್ಲ ಎಂದು ಅಧ್ಯಕ್ಷರು ಕೈಮುಗಿದರು.

ಹಬ್ಬದ ರಜೆ ಮುಗಿದು ಸಂಘ ತೆರೆದ ದಿನವೇ ಬೇಲೂರು ಮತ್ತು ಹಳೇಬೀಡಿನ ಸಂಘದವರು ನಮ್ಮ ಕಂಪ್ಯೂಟರ್ ನೋಡಲು ಬರುವವರಿದ್ದರು. ಅವರೂ ಕೊಳ್ಳುವ ಯೋಚನೆಯಲ್ಲಿದ್ದರು. ಸದಸ್ಯರ ಪಟ್ಟಿ ಹೇಗೆ ಕ್ಷಣದಲ್ಲಿ ಬರುತ್ತದೆ ಎಂದು ನಾನು ತೋರಿಸಬೇಕಿತ್ತು. ಅವರು ಬರುವುದು ಮಧ್ಯಾಹ್ನ ಮೂರಕ್ಕೆ. ನಾನು ಒಂದು ಗಂಟೆಗೆ ಮಿಷನ್ನಿನ ಹೂಬಳ್ಳಿ ಬಟ್ಟೆ ತೆಗೆದು ಗುಂಡಿ ಒತ್ತಿದೆ. ಮಿಷನ್ ಬಂತು. ಬಾಣ ಮಾತ್ರ ತೆರೆಯ ನಡುವೆ ಬೆದರುಗೊಂಬೆಯ ಹಾಗೆ ನಿಂತಿತ್ತು. ಮೌಸನ್ನು ಎಡಕ್ಕೆ ಎಳೆದೆ, ಬಲಕ್ಕೆ ಎಳೆದೆ, ಮೇಜಿನ ಆ ತುದಿಯಿಂದ ಈ ತುದಿಗೆ ಓಡಿಸಿದೆ. ಬಾಣ ಅಲ್ಲಾಡಲಿಲ್ಲ. ಅಧ್ಯಕ್ಷರು ಬಾಗಿಲಲ್ಲಿ ನಿಂತು ಎಲ್ಲ ಸರಿಯಾಗಿದೆಯಾ ಎಂದರು. ಸ್ವಲ್ಪ ಬಿಸಿಯಾಗಬೇಕು ಸಾರ್ ಎಂದೆ.

ಮಿಷನ್ನಿನ ಬೆನ್ನಿಗೆ ಕಂಪನಿಯ ಫೋನ್ ನಂಬರಿನ ಚೀಟಿ ಅಂಟಿಸಿತ್ತು. ಮಾಡಿದರೆ ಲತಾಮಣಿ ಎತ್ತಿಬಿಟ್ಟರೆ ಎಂಬ ಭಯ. ಮಾಡದಿದ್ದರೆ ಮೂರು ಗಂಟೆಯ ಭಯ. ಎರಡೂ ಭಯ ತೂಗಿ ನೋಡಿ, ಎರಡು ಎಲೆ, ಒಂದು ಹಿಡಿ ಅಡಿಕೆ ದವಡೆಗೆ ತುಂಬಿಕೊಂಡು ಧ್ವನಿ ಬದಲಿಸಿಕೊಂಡು ನಂಬರ್ ತಿರುಗಿಸಿದೆ.

ಮೊದಲು ಒಬ್ಬ ಹುಡುಗ ಎತ್ತಿದ. ಆರಿಸಿ ಹಾಕಿ ಎಂದ. ಆರಿಸಿ ಹಾಕಿದೆ. ವೈರು ಬಿಚ್ಚಿ ಸಿಕ್ಕಿಸಿ ಎಂದ. ಅದೂ ಆಯಿತು. ಹಾಗಾದರೆ ಶುಕ್ರವಾರ ಎಂಜಿನಿಯರ್ ಬರುತ್ತಾರೆ ಎಂದು ಇಟ್ಟುಬಿಟ್ಟ. ಗಂಟೆ ಎರಡಾಗಿತ್ತು. ಮತ್ತೆ ತಿರುಗಿಸಿದೆ.

"ನಮಸ್ಕಾರ, ನಾನು ಲತಾಮಣಿ ಮಾತಾಡ್ತಿರೋದು. ನಿಮ್ಮ ಹೆಸರು ಸಾರ್?"

ಎದುರಿಗೆ ಜವಾನ ನಿಂತಿದ್ದ. ನನ್ನ ಬಾಯಿಗೆ ಅವನ ಹೆಸರೇ ಬಂತು. "ದ್ಯಾವಯ್ಯ ಅಂತ. ಬೇಲೂರು ಕಡೆಯೋನು ಕಣವ್ವ," ಎಂದೆ. ನಿಜವಾದ ದ್ಯಾವಯ್ಯ ಬಾಯಿ ತೆರೆದ. ನಾನು ಕಣ್ಣು ಬಿಟ್ಟೆ. ಅವನು ಮುಚ್ಚಿಕೊಂಡ.

ಅವಳು ಮಿಷನ್ನಿನ ನಂಬರ್ ಕೇಳಿದಳು. ಚೀಟಿಯಿಂದ ಬರೆದುಕೊಂಡು ಬಂದದ್ದನ್ನು ಓದಿ ಹೇಳಿದೆ. ಪುಟ ಮಗುಚಿದ ಸದ್ದಾಯಿತು. ಆಮೇಲೆ, ಸಾರ್, ಈ ನಂಬರು ಅರಸೀಕೆರೆ ಸಂಘದ್ದು ಅಂತ ಇದೆಯಲ್ಲ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ನನ್ನ ಮೀಸೆ ಮುಟ್ಟಿ ನೋಡಿಕೊಂಡೆ.

"ಊಂ ಕಣವ್ವ, ಅಲ್ಲೀದೇಯ. ನೆಂಟರ ಮನೆಗೆ ಬಂದಂಗೆ ನಾಕ್ ದಿನ ಇಲ್ಲಿಗೆ ಬಂದೈತೆ."

ಬಹಳ ಸಂತೋಷ ಸಾರ್ ಎಂದಳು. ಅವಳು ನಗಲಿಲ್ಲ. ಅದೇ ನನಗೆ ಅನುಮಾನ.

ಇನ್ನೊಂದು ತೊಂದರೆಯಿತ್ತು. ಫೋನ್ ಇದ್ದದ್ದು ಅಧ್ಯಕ್ಷರ ಕೋಣೆಯಲ್ಲಿ, ಕಂಪ್ಯೂಟರ್ ಇದ್ದದ್ದು ನನ್ನ ಕೋಣೆಯಲ್ಲಿ, ನಡುವೆ ಉದ್ದನೆಯ ಜಗಲಿ. ಅವಳು ಹೇಳಿದ್ದನ್ನು ನಾನು ಕೂಗುವುದು, ದ್ಯಾವಯ್ಯ ಓಡಿಹೋಗಿ ನೋಡಿಕೊಂಡು ಬಂದು ಹೇಳುವುದು, ನಾನು ಅವಳಿಗೆ ಹೇಳುವುದು. ಚಪ್ಪಲಿ ಬಿಡಬೇಕೆಂಬ ನನ್ನದೇ ನಿಯಮದಿಂದಾಗಿ ಅವನು ಪ್ರತಿಸಲ ಬಾಗಿಲಲ್ಲಿ ಬಿಟ್ಟು, ಮತ್ತೆ ಮೆಟ್ಟಿಕೊಂಡು ಬರುತ್ತಿದ್ದ. ನಾಲ್ಕನೇ ಸುತ್ತಿಗೆ ನನಗೆ ತಡೆಯಲಾಗಲಿಲ್ಲ. ಚಪ್ಪಲಿ ಹಾಳಾಗಿಹೋಗಲಿ, ಓಡೋ ದ್ಯಾವಯ್ಯ ಎಂದು ಕೂಗಿಬಿಟ್ಟೆ.

ದ್ಯಾವಯ್ಯ ಅಂದ್ರೆ ನೀವಲ್ವಾ ಸಾರ್ ಎಂದಳು ಲತಾಮಣಿ.

"ಇವನೂ ದ್ಯಾವಯ್ಯನೇ ಕಣವ್ವ. ನಮ್ಮ ಆಪೀಸ್ನಾಗೆ ಎಲ್ರೂ ದ್ಯಾವಯ್ಯನೋರೇ."

ಅದನ್ನೂ ಅವಳು ಬರೆದುಕೊಂಡಳೆಂದು ತೋರುತ್ತದೆ. ಪೆನ್ನಿನ ಸದ್ದು ಕೇಳಿಸಿತು. ಆಮೇಲೆ ಯಾವತ್ತಿಂದ ಹೀಗಾಗಿದೆ ಎಂದು ಕೇಳಿದಳು. ಹಬ್ಬಕ್ಕೆ ಮುಂಚೆ ಚೆನ್ನಾಗಿತ್ತು ಎಂದೆ. ಆ ಹುಡುಗ ಈ ಪ್ರಶ್ನೆ ಕೇಳಿರಲಿಲ್ಲ.

"ಆಯುಧಪೂಜೆ ಮಾಡಿದ್ರಾ ಸಾರ್?"

"ಮಾಡ್ದೆ ಬುಟ್ಟಾರಾ?"

"ಗಾಡಿ ಚಕ್ರಕ್ಕೆ ಇಟ್ಟಂಗೆ ಮೌಸಿನ ಚಕ್ರಕ್ಕೂ ಏನಾದ್ರೂ ಇಟ್ರಾ?"

ನನ್ನ ಬಾಯಿಯ ಎಲೆ ಅಡಿಕೆ ಸೀದಾ ಒಳಗೆ ಹೋಯಿತು. ಅವಳು ಮೆತ್ತಗೆ ಮುಂದುವರಿಸಿದಳು. "ಬೇಜಾರು ಮಾಡ್ಕೋಬೇಡಿ. ನಮ್ಮ ಚಿಕ್ಕಪ್ಪ ಒಬ್ರಿದಾರೆ. ಹೊಲಿಗೆ ಮಿಷನ್ ಕೆಳಗೆ ಮಲಗಿ ಅದರ ಚಕ್ರಕ್ಕೂ ಕುಂಕುಮ ಇಡೋರು. ಅದಕ್ಕೇ ಕೇಳ್ದೆ."

ಆ ಚಿಕ್ಕಪ್ಪ ಯಾರೆಂದು ನಾನು ಕೇಳಲಿಲ್ಲ, ಈಗೇನು ಮಾಡಬೇಕು ಎಂದು ಮಾತ್ರ ಕೇಳಿದೆ. ಅವಳು ಹೇಳಿದಂತೆ ಮೌಸನ್ನು ಅಂಗಾತ ಮಲಗಿಸಿ, ಅಡಿಯ ಬಿಲ್ಲೆ ತಿರುಗಿಸಿ, ಗುಂಡು ಹೊರಗೆ ತೆಗೆದು ತೊಳೆಯಬೇಕು, ಒಳಗಿನ ಸಣ್ಣ ಕಡ್ಡಿಗಳ ಮೇಲೆ ಒಣಗಿದ ಗಂಧವನ್ನು ಉಗುರಿನಲ್ಲಿ ಕೆರೆಯಬೇಕು. ನಾನು ಫೋನನ್ನು ಮೇಜಿನ ಮೇಲೆ ಹಾಗೇ ಮಲಗಿಸಿ ಓಡಿದೆ. ಬಿಲ್ಲೆ ತಿರುಗಿಸಿದ್ದೇ ತಡ, ಗುಂಡು ಟಣ್ಣನೆ ಬಿದ್ದು ಪುಟಿದು ಜಗಲಿಗೆ ಉರುಳಿ, ಅಲ್ಲಿದ್ದ ಹಳೆಯ ಬೀರುವಿನ ಅಡಿ ಸೇರಿತು. ನಾನು ಹೊಟ್ಟೆಯ ಮೇಲೆ ಮಲಗಿ ಕೈ ಹಾಕಿದೆ. ದ್ಯಾವಯ್ಯ ಆ ಕಡೆಯಿಂದ ಪೊರಕೆ ಹಾಕಿದ. ಅಧ್ಯಕ್ಷರು, ಏನು ಕಳೆಯಿತು, ಏನು ಕಳೆಯಿತು ಎನ್ನುತ್ತ ತಾವೂ ಪಂಚೆ ಎತ್ತಿ ಕಟ್ಟಿ ಮೊಣಕಾಲೂರಿದರು. ಸರಿಯಾಗಿ ಆ ಹೊತ್ತಿಗೆ ಬೇಲೂರು ಹಳೇಬೀಡಿನ ಎಂಟು ಜನ ಮೆಟ್ಟಿಲು ಹತ್ತಿ ಬಂದು ನಮ್ಮ ಮೂವರ ಬೆನ್ನನ್ನು ನೋಡಿದರು.

ಮುಂದೆ ನಿಂತಿದ್ದವರು ಹಳೇಬೀಡು ಸಂಘದ ಅಧ್ಯಕ್ಷೆ ಚಲುವಮ್ಮ. ಬಸ್ತಿಹಳ್ಳಿ ಕಡೆ ತೋಟ, ಗಟ್ಟಿ ಗಂಟಲು, ಐವತ್ತು ಕೂಲಿಯಾಳನ್ನು ಒಬ್ಬರೇ ನಿಭಾಯಿಸುವ ಹೆಂಗಸು. ಇದೇನ್ ಸ್ವಾಮಿ ಕಂಪ್ಯೂಟರಾ ಎಂದು ಅವರು ಕೇಳಿದರು. ಅಧ್ಯಕ್ಷರು ಎದ್ದು ಪಂಚೆ ಕೊಡವಿಕೊಂಡು, ಅದರ ಒಳಗಿನ ಒಂದು ಭಾಗವಮ್ಮ, ಆಗಾಗ ಹೊರಗೆ ಬಿಡಬೇಕು ಎಂದರು. ನನ್ನ ಇಷ್ಟು ವರ್ಷದ ಸೇವೆಯಲ್ಲಿ ಅವರು ನನ್ನ ಮಾನ ಉಳಿಸಲು ಆಡಿದ ಒಂದೇ ಮಾತು ಅದು.

ಗುಂಡು ಸಿಕ್ಕಿತು. ತೊಳೆದೆ, ಕೆರೆದೆ, ಹಾಕಿದೆ. ಬಾಣ ಓಡಿತು. ದ್ಯಾವಯ್ಯ ಕೂಗಿ ಊರಿಗೇ ಹೇಳಿದ. ಸದಸ್ಯರ ಪಟ್ಟಿ ಪ್ರಿಂಟರಿನಿಂದ ಕಿರ್ ಎಂದು ಬರತೊಡಗಿದಾಗ ನಾನು ಬಂದವರತ್ತ ತಿರುಗಿದೆ, ಈಗಲಾದರೂ ಹೊಗಳುತ್ತಾರೆಂದು. ಚಲುವಮ್ಮ ಅಲ್ಲಿರಲಿಲ್ಲ. ಅವರು ಅಧ್ಯಕ್ಷರ ಕೋಣೆಯಲ್ಲಿ, ಮಲಗಿಸಿಟ್ಟಿದ್ದ ಫೋನನ್ನು ಕಿವಿಗೆ ಇಟ್ಟುಕೊಂಡಿದ್ದರು.

"ಅಲ್ಲಾ ಕಣವ್ವ, ಹಾಸನದಾಗೆ ಕುಂತ್ಕಂಡು ಇಲ್ಲಿ ಮಿಷನ್ ಸರಿ ಮಾಡ್ದಾ ನೀನು? ಕಣ್ಣಿಗ್ ಕಾಣದೇಯಾ? ಏನ್ ನಿನ್ ಹೆಸ್ರು?" ಎನ್ನುತ್ತಿದ್ದರು. ಫೋನ್ ಇಟ್ಟು ನಮ್ಮ ಕಡೆ ಬಂದು ಎಲ್ಲರ ಮುಂದೆ ತೀರ್ಪು ಕೊಟ್ಟರು. "ಲಕ್ಷ್ಮೀಶಣ್ಣ, ಕಂಪ್ಯೂಟರ್ ನಮ್ಗೂ ಬೇಕು. ಅದ್ರ ಮುಂದೆ ಕುಂತ್ಕಳಾಕೆ ಯಾರಾದ್ರೂ ಆಯ್ತಾರೆ. ಆದ್ರೆ ಫೋನ್ನಾಗಿರೋ ಆ ಹುಡುಗಿ ಇರೋ ಕಂಪನಿದೇ ಆಗ್ಬೇಕು."

ಯಾರಾದ್ರೂ ಆಯ್ತಾರೆ. ಆ ಯಾರಾದರೂ ಅಲ್ಲೇ ಕೈಯಲ್ಲಿ ಕುಂಕುಮದ ನೀರು ಹಿಡಿದು ನಿಂತಿದ್ದ. ಹೊಟ್ಟೆ ಉರಿದ ಉರಿಗೆ ಅಂದು ರಾಗಿಮುದ್ದೆ ಬೇಯಿಸಬಹುದಿತ್ತು.

ಹತ್ತು ಹನ್ನೆರಡು ದಿನ ಕಳೆಯಿತು. ದೀಪಾವಳಿಗೆ ಇನ್ನೇನು ವಾರ ಇತ್ತು. ನಂಜುಂಡಯ್ಯನವರು ಒಂದು ಕಾಗದ ಹಿಡಿದು ಓಡುತ್ತಲೇ ಬಂದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆರು ತಿಂಗಳಾಗುವ ಮುಂಚೆಯೇ ಲತಾಮಣಿಯನ್ನು ನೆಟ್‌ವರ್ಕ್ ವಿಭಾಗಕ್ಕೆ ತೆಗೆದುಕೊಂಡಿದ್ದರು, ಬರುವ ಒಂದನೇ ತಾರೀಕಿನಿಂದ. ಹಳೇಬೀಡು ಬೇಲೂರು ಎರಡೂ ಸಂಘದವರು ಆ ಹುಡುಗಿಯ ಹೆಸರು ಹೇಳಿ ಮಿಷನ್ ಕೊಂಡಿದ್ದರಂತೆ. ಕಣಕಟ್ಟೆಯವರಿಗೆ ಕೆಲಸ ಬಿಡಿಸುವುದಿಲ್ಲ ಎಂದು ಹೇಳಿಕಳಿಸಿಯೂ ಆಗಿತ್ತು. ನೆಟ್‌ವರ್ಕ್ ಎಂದ ಕೂಡಲೇ ಅವರು, ಹಾಗಾದರೆ ಕೆಲಸದ ಬಗ್ಗೆ ನಮ್ಮ ತಕರಾರಿಲ್ಲ ಎಂದರಂತೆ. ಈಗ ಲತಾಮಣಿಯೇ ಯೋಚಿಸಿ ಹೇಳುತ್ತೇನೆ ಎಂದಿದ್ದಳು.

ನಾನು ಸಂತೋಷ ಭಾವ ಎಂದೆ. ಹಲ್ಲು ಕಾಣಿಸಿದೆನೇ ಹೊರತು ನಗು ಬರಲಿಲ್ಲ.

"ಇದಕ್ಕೆಲ್ಲ ಕಾರಣ ಬೇಲೂರಿನ ದ್ಯಾವಯ್ಯ ಅಂತ ಒಬ್ಬ ಪುಣ್ಯಾತ್ಮ ಅಂತೆ ಕಣೋ," ಎಂದರು ಅವರು. "ಅವನು ಫೋನ್ ಮಾಡಿದ್ರಿಂದಾನೇ ಇಷ್ಟೆಲ್ಲ ಆಗಿದ್ದು. ನಾಳೆ ಶಾಲೆಗೆ ರಜ ಹಾಕಿದೀನಿ. ಲತಾಗೆ ಹೇಳಿಲ್ಲ. ಹೋಗಿ ಅವನ್ನ ಹುಡುಕಿ ಕೈಮುಗಿದು ಬರೋಣ. ನೀನೂ ಬಾ."

ನನಗೆ ಜ್ವರ ಎಂದೆ. ಹಣೆ ಮುಟ್ಟಿ ನೋಡಿ ಇಲ್ಲ ಎಂದರು. ಬೇಲೂರಿನಲ್ಲಿ ಸಾವಿರ ದ್ಯಾವಯ್ಯಂದಿರು ಇರುತ್ತಾರೆ ಎಂದೆ. ಸಾವಿರ ಮನೆ ಹುಡುಕೋಣ ಎಂದರು. ಮಂಜುಳಾ ಒಳಗಿನಿಂದ, ಹೋಗಿ ಬನ್ನಿ, ಒಳ್ಳೆಯವರ ದರ್ಶನವಾದರೆ ಒಳ್ಳೆಯದೇ ಎಂದಳು.

ಹೀಗೆ ನಾನು ನನ್ನನ್ನೇ ಹುಡುಕಿಕೊಂಡು ಬೇಲೂರಿನ ಬಸ್ಸು ಹತ್ತಿದೆ. ನಂಜುಂಡಯ್ಯನವರ ತೊಡೆಯ ಮೇಲೆ ಶಾಂತಾದೇವಿ ಮಾಡಿಕೊಟ್ಟ ಮೈಸೂರುಪಾಕಿನ ಡಬ್ಬಿ, ಕೈಯಲ್ಲಿ ಒಂದು ಶಾಲು. ಜಾವಗಲ್ಲು ದಾಟುವವರೆಗೂ ಅವರು ದ್ಯಾವಯ್ಯನನ್ನು ಹೊಗಳಿದರು. ಎಷ್ಟು ತಾಳ್ಮೆಯ ಮನುಷ್ಯನಿರಬೇಕು ಎಂದರು. ಎಂಥ ಮುಗ್ಧ ಎಂದರು. ಕಂಪ್ಯೂಟರ್ ಬಗ್ಗೆ ಅವನಿಗೆ ಏನೇನೂ ತಿಳಿಯದಂತೆ ಪಾಪ ಎಂದರು. ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಹಳೇಬೀಡಿನಲ್ಲಿ ಬಸ್ಸು ನಿಂತಿತು. ಚಲುವಮ್ಮ ಹತ್ತಿದರು. ನಾನು ತಟ್ಟನೆ ಶಾಲು ಎಳೆದು ತಲೆಗೆ ಹೊದ್ದುಕೊಂಡೆ. ಅದು ತಪ್ಪಾಯಿತು. ಬಿಸಿಲಲ್ಲಿ ಶಾಲು ಹೊದ್ದವನನ್ನು ಬಸ್ಸಿನವರೆಲ್ಲ ನೋಡಿದರು, ಅವರೂ ನೋಡಿದರು.

"ಗುಂಡು ಹುಡುಕ್ತಿದ್ದ ಸಾರ್ ಅಲ್ವಾ ನೀವು? ಯಾಕೆ, ಚಳೀನಾ?" ಎನ್ನುತ್ತ ಎದುರಿನ ಸೀಟಿನಲ್ಲೇ ಕೂತರು. ಆಮೇಲೆ ನಂಜುಂಡಯ್ಯನವರ ಕಡೆ ತಿರುಗಿ ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದರು. ಬೀರು, ಪೊರಕೆ, ಪಂಚೆ, ಕುಂಕುಮ ಒಂದೂ ಬಿಡಲಿಲ್ಲ. ಫೋನಿನಲ್ಲಿದ್ದ ಹುಡುಗಿ, ಅಲ್ಲಿ ದ್ಯಾವಯ್ಯನವರು ಕ್ಷೇಮವಾ ಎಂದು ಕೇಳಿದಳೆಂದೂ, ಯಾವ ದ್ಯಾವಯ್ಯ ಎಂದರೆ ಅಲ್ಲಿ ಎಲ್ಲರೂ ಅದೇ ಹೆಸರಿನವರಂತಮ್ಮ ಎಂದು ನಕ್ಕಳೆಂದೂ ಹೇಳಿದರು.

ಬಸ್ತಿಹಳ್ಳಿ ದಾಟಿತು. ನಂಜುಂಡಯ್ಯನವರು ನಿಧಾನವಾಗಿ ಕನ್ನಡಕ ತೆಗೆದು ಜೇಬಿಗೆ ಇಟ್ಟುಕೊಂಡರು. ನಾನು ಕಣ್ಣು ಮುಚ್ಚಿ ಕೆನ್ನೆ ಒಡ್ಡಿದೆ. ಡಬ್ಬಿಯ ಮುಚ್ಚಳ ತೆರೆದ ಸದ್ದಾಯಿತು.

"ಬಾಯಿ ತೆಗಿ ದ್ಯಾವಯ್ಯ," ಎಂದರು.

ತೆಗೆದೆ. ಒಂದು ಮೈಸೂರುಪಾಕು ಇಟ್ಟರು. ಶಾಲನ್ನು ನನ್ನ ತಲೆಯಿಂದ ತೆಗೆದು ಸರಿಯಾಗಿ ಹೆಗಲಿಗೆ ಹೊದಿಸಿದರು. ಕಂಡಕ್ಟರನಿಗೂ ಒಂದು ಕೊಟ್ಟು, ನಿಮಗೆ ಗಾಡಿ ಓಡಿಸಲು ಬರುತ್ತದೆಯೇ ಎಂದು ಕೇಳಿದರು. ಯಾಕೆ ಬರಲ್ಲ ಸಾರ್, ಲೈಸೆನ್ಸೇ ಇದೆ, ಮುಂದಿನ ತಿಂಗಳಿಂದ ಡ್ರೈವರ್ರೇ ನಾನು ಎಂದ ಅವನು. ನಂಜುಂಡಯ್ಯನವರು ನನ್ನ ಕಡೆ ನೋಡಿದರು. ಏಟು ಬಿದ್ದಿದ್ದರೆ ಚೆನ್ನಾಗಿತ್ತು.

"ತಪ್ಪಾಯ್ತು ಭಾವ," ಎಂದೆ.

"ನನ್ನ ಹತ್ರ ಅಲ್ಲ. ಅವಳ ಹತ್ರ ಹೇಳು."

ಬೇಲೂರಿನಲ್ಲಿ ಇಳಿದ ಕೂಡಲೇ ಬಸ್ ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ನಂಬರ್ ನನಗೆ ಬಾಯಿಗೇ ಬರುತ್ತಿತ್ತು. ಈ ಸಲ ಬಾಯಲ್ಲಿ ಎಲೆ ಅಡಿಕೆ ಇರಲಿಲ್ಲ.

"ನಮಸ್ಕಾರ, ನಾನು ಲತಾಮಣಿ. ನಿಮ್ಮ ಹೆಸರು?"

ಅಭ್ಯಾಸಬಲದಿಂದ, "ದ್ಯಾವಯ್ಯ, ಬೇಲೂರಿಂದ," ಎಂದುಬಿಟ್ಟೆ.

"ಹೇಳಿ ಚಿಕ್ಕಪ್ಪ," ಎಂದಳು. "ಈಗ ಏನು ಕೆಟ್ಟಿದೆ?"

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ದೇವರಾಣೆಗೂ ಅದನ್ನೇ ಹೇಳಲು ತೆರೆದದ್ದು. ಬಂದದ್ದು ಬೇರೆ. ಹೇಮಾಶ್ರೀಯ ಓದು ಬರುವ ವರ್ಷ ಮುಗಿಯುತ್ತದೆ, ಅವಳ ಕಾಲೇಜಿಗೆ ಈ ಸಲ ಒಂದು ಕಂಪನಿಯೂ ಬಂದಿಲ್ಲ, ಇದನ್ನು ನಾನು ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ, ಮಂಜುಳಾಗೂ ಹೇಳಿರಲಿಲ್ಲ. ಎಲ್ಲ ಅವಳಿಗೆ ಹೇಳಿದೆ.

"ನಿಮ್ಮಲ್ಲಿ ಫೋನ್ ಎತ್ತೋ ಕೆಲಸ ಏನಾದ್ರೂ ಖಾಲಿ ಇದೆಯಾ ಮಗಾ?"

ನನ್ನ ಜಾಗ ಖಾಲಿಯಾಗುತ್ತಲ್ಲ ಚಿಕ್ಕಪ್ಪ, ಸಾಹೇಬರಿಗೆ ನಾನೇ ಹೇಳಿ ಇಡುತ್ತೇನೆ ಎಂದಳು. ನನಗೆ ಗಂಟಲು ಕಟ್ಟಿತು. ಈ ಸಲ ಹೊಟ್ಟೆಕಿಚ್ಚಿಗೆ ಅಲ್ಲ.

"ಒಂದೇ ತೊಂದರೆ," ಎಂದಳು. "ಹೊಸಬರಿಗೆ ಮೊದಲನೇ ದಿನ ಪಾಠಕ್ಕೆ ಅಂತ ಒಂದು ಕಾಲ್ ಟೇಪ್ ಹಾಕಿ ಕೇಳಿಸ್ತಾರೆ. ಈಗ ಎಲ್ರಿಗೂ ಅದೇ ಒಂದು. ನಿಮ್ಮದು."

ನಾನು ಯೋಚಿಸಿದೆ. ಎಲೆ ಅಡಿಕೆ ಹಾಕಿಕೊಂಡಿದ್ದೆ, ಹೇಮಾಗೆ ಧ್ವನಿ ಗೊತ್ತಾಗಲ್ಲ ಬಿಡು ಎಂದೆ.

"ಎಲೆ ಅಡಿಕೆ ನುಂಗಿದ ಮೇಲಿಂದು ಚೆನ್ನಾಗಿ ಗೊತ್ತಾಗುತ್ತೆ ಚಿಕ್ಕಪ್ಪ."